ಕೊಟ್ಟಿಗೆ ಖಾಲಿ ಇರಬೇಕಾದ ತಿಂಗಳು

ಜೇಠ 21

ಈ ಪುಸ್ತಕ ನನ್ನದಲ್ಲ. ಈ ವರ್ಷ ಊರ ಕಟ್ಟಳೆ ಕಾಯುವ ನವಾ ಸರದಿ ನಮ್ಮ ಮನೆಗೆ ಬಂತೆಂದು ನಮ್ಮ ಯಜಮಾನರು ನಾಮ್ಚೆ ಸಂತೆಯಿಂದ ತಂದುಕೊಂಡಿದ್ದು. ಮೊದಲ ಪುಟದಲ್ಲಿ ನಮ್ಮ ಶಾರ್ತೆ ಊರಿನ ಹದಿನೇಳು ಮನೆಗಳ ಹೆಸರು, ಒಂದೊಂದರ ಎದುರು ಆ ಮನೆಯಲ್ಲಿ ಎಷ್ಟು ದನ ಎಂದು ಬರೆದಿದ್ದಾರೆ. ಎರಡನೆಯ ಪುಟದಲ್ಲಿ ಒಂದೇ ಸಾಲು: ‘ಜೇಠ 8. ಮಾಡಿನ ಹಲಗೆ ತಿರುವಲು ಶುರು.’ ಒಂಬತ್ತರಂದು ಮಾಡಿನಿಂದ ಬಿದ್ದರು. ಅಲ್ಲಿಂದ ಮುಂದೆ ಪುಟಗಳು ಖಾಲಿ.

ಇವತ್ತಿಗೆ ಹದಿಮೂರು ದಿನ. ಅವರ ಚಿಕ್ಕಪ್ಪನ ಮಗ ಗ್ಯಾಲ್ಜೆನ್ ಬಂದಿದ್ದ. ಊರಿನ ಇನ್ನೊಬ್ಬ ನವಾ ಅವನೇ. ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕೂತ.

‘ಅತ್ತಿಗೆ, ಸರದಿ ಮನೇದು, ಮನುಷ್ಯಂದಲ್ಲ. ಇನ್ಮೇಲೆ ನೀವೇ ನವಾ.’

‘ಹೆಂಗಸು ನವಾ ಆಗಿದ್ದುಂಟೇನೋ?’

‘ಈ ಮನೇಲಿ ಇನ್ಯಾರಿದಾರೆ? ನಿಮ್ಮ ಕರ್ಮೂನ ಕೂರಿಸ್ಲಾ?’

ಕರ್ಮು ನಮ್ಮ ನಾಕ್, ಹೆಣ್ಣು ಯಾಕ್. ನನಗೆ ನಗು ಬರಲಿಲ್ಲ. ಅವನಿಗೂ ಹೇಳಿದ ಮೇಲೆ ಮುಖ ಸಣ್ಣಗಾಯಿತು.

ಬೆಂಚಿನ ಮೇಲುತುದಿ, ಒಲೆಯ ಪಕ್ಕ, ಮೊದಲ ಕಿಟಕಿಯ ಕೆಳಗಿನ ಜಾಗ ಅವರದು. ಕಂಬಳಿ ಅವರು ಕೂತಲ್ಲೇ ಸವೆದಿದೆ. ಬಂದವರೆಲ್ಲ ಅದನ್ನು ನೋಡಿ ಕೆಳಗೆ ಸರಿದು ಕೂರುತ್ತಾರೆ. ಅಲ್ಲಿಂದ ಕಾಲುದಾರಿ, ಮೊದಲ ಮೂರು ಹೊಲ, ಎಲ್ಲ ಕಾಣುತ್ತದೆ. ನಾನು ಕೂರುವುದು ಒಲೆಯ ಆಚೆ, ನೆಲದಲ್ಲಿ. ಕೈ ಚಾಚಿದರೆ ಕೆಟಲು. ನನ್ನ ಜಾಗದಿಂದ ಕಾಣುವುದು ಒಂದು ತುಂಡು ಆಕಾಶ. ಇಪ್ಪತ್ತೆಂಟು ವರ್ಷ ‘ಯಾರು ಬರ್ತಿದಾರೆ?’ ಎಂದು ಕೇಳಿ, ಅವರು ಹೇಳಿದ ಮೇಲೆ ಲೋಟ ಎಣಿಸಿ ಇಟ್ಟವಳು ನಾನು.

ಜೇಠ 25

ಮಾಡು ಅರ್ಧಕ್ಕೇ ನಿಂತಿದೆ. ಎರಡು ವರ್ಷಕ್ಕೊಮ್ಮೆ ಮೇಲೆ ಹೇರಿದ ಕಲ್ಲು ಇಳಿಸಿ, ಹಲಗೆಗಳ ಮಗ್ಗುಲು ಬದಲಿಸಿ, ಮತ್ತೆ ಕಲ್ಲು ಹೇರಬೇಕು. ಅಂಗಳದಲ್ಲಿ ನಿಂತು ನೋಡಿದರೆ ಎಡಗಡೆ ಬೇಯಿಸಿದ ರೊಟ್ಟಿಯ ಬಣ್ಣ, ಬಲಗಡೆ ಬೂದಿ. ನಡುವೆ ಒಂದಾಳು ಅಗಲದಲ್ಲಿ ಹಲಗೆಗಳು ಅಡ್ಡಾದಿಡ್ಡಿ ಬಿದ್ದಿವೆ. ಅಲ್ಲಿಂದ ಒಲೆಯ ಹೊಗೆ ನೇರ ಹೋಗುತ್ತದೆ, ಬೆಳಕು ನೇರ ಬರುತ್ತದೆ.

ನಲವತ್ತೊಂಬತ್ತು ದಿನ ಮುಗಿಯುವ ತನಕ ಮಾಡಿನ ಮೇಲೆ ಕಾಲಿಡಬಾರದಂತೆ. ಜೀವ ಇನ್ನೂ ಅಲ್ಲೇ ಸುಳಿಯುತ್ತಿರುತ್ತದಂತೆ. ಹೆಸರೂ ಹಿಡಿಯಬಾರದು, ಕರೆದರೆಂದು ತಿರುಗಿ ಬಂದು ದಾರಿ ತಪ್ಪುತ್ತಾರೆ. ಸರಿ, ಆ ಹೆಸರನ್ನು ನಾನು ಮೊದಲೂ ಹಿಡಿದವಳಲ್ಲ.

ಗ್ಯಾಲ್ಜೆನ್‌ನದು ಹಸಿರು ತಗಡಿನ ಮಾಡು. ‘ಅದು ಮುಗಿದ ಮೇಲೆ ತಗಡೇ ಹಾಕಿಸಿಬಿಡೋಣ ಅತ್ತಿಗೆ. ಈ ಹಲಗೆ ತಿರುವೋ ಪೀಕಲಾಟ ಯಾಕೆ?’ ಎಂದ.

‘ನಿನ್ನ ಮನೇಲಿ ಚಳಿಗಾಲದಲ್ಲಿ ತಗಡು ಬೆವತು ಹಾಸಿಗೆ ಮೇಲೆ ತೊಟ್ಟಿಕ್ಕುತ್ತಲ್ಲ, ಆ ಸುಖ ನನಗೆ ಬೇಡ.’

ಇದು ಅವರ ಮಾತು. ನನ್ನ ಬಾಯಿಂದ ಬಂತು.

ಅಸಾರ 4

ದುಂಜಿ ಹಬ್ಬ ಮುಗಿಯಿತು. ಇವತ್ತು ಕಟ್ಟಳೆ ಹಾಕುವ ದಿನ.

ಊರ ಬಾಯಿಯ ಮಣಿಗೋಡೆಯ, ಮಂತ್ರ ಕೆತ್ತಿದ ಕಲ್ಲುಗೋಡೆಯ ಹತ್ತಿರ ನಿಂತು ನಾನೇ ಕೂಗಿದೆ. ಇವತ್ತಿನಿಂದ ಆಲೂಗೆಡ್ಡೆ ಅಗೆಯುವ ತನಕ ಊರೊಳಗೆ ದನ ಇರಕೂಡದು. ಹುಲ್ಲು ಕೊಯ್ಯಕೂಡದು. ಹಸಿ ಸೌದೆ ತರಕೂಡದು. ಮುರಿದವರು ದಂಡಕ್ಕೆ ಮನೆಯ ಹೆಂಡ, ಛಾಂಗ್, ತುಂಬಬೇಕು. ದನದ ಉಸಿರು ತಾಗಿದರೆ ಗೆಡ್ಡೆಗೆ ಕಪ್ಪುರೋಗ ಬರುತ್ತದೆ, ಒಬ್ಬರ ತಪ್ಪಿಗೆ ಹದಿನೇಳು ಮನೆ ಹಸಿಯುತ್ತದೆ. ಕೊನೆಯ ತನಕ ಕೂಗಿದೆ.

ದನಗಳು ತಾರ್ಲುಂಗಿನ ಮೇಲ್ಹುಲ್ಲುಗಾವಲಿಗೆ ಹೊರಟವು. ನಮ್ಮ ಕರ್ಮು, ಅವಳ ಮೂರು ತಿಂಗಳ ಕರು, ಗ್ಯಾಲ್ಜೆನ್‌ನ ಮಂದೆ, ಎಲ್ಲ ಒಟ್ಟಿಗೆ. ನೋಡಿಕೊಳ್ಳುವವಳು ಅವನ ಹೆಂಡತಿ ಡಿಕಿ. ಚಾರಣಿಗರು ‘ಯಾಕ್ ಹಾಲು’ ಕೇಳಿದಾಗಲೆಲ್ಲ ನಮ್ಮವರು ‘ಗಂಡಸಿನ ಹಾಲು ನಮ್ಮಲ್ಲಿಲ್ಲ, ನಾಕ್ ಹಾಲಿದೆ, ಕುಡೀತೀರಾ?’ ಎನ್ನುತ್ತಿದ್ದರು. ಕರ್ಮು ತಿರುವಿನಲ್ಲಿ ಮರೆಯಾಗುವಾಗ ಅದು ನೆನಪಾಯಿತು.

ಅಸಾರ 5

ಕೊಟ್ಟಿಗೆ ಖಾಲಿ. ಮಹಡಿಯ ನೆಲ ತಣ್ಣಗಿದೆ.

ಅಸಾರ 14

ಎಂಟು ದಿನದಿಂದ ಮಳೆ. ನಡುವಿನ ಸಂದಿಗೆ ಗ್ಯಾಲ್ಜೆನ್ ಕೆಳಗಿನಿಂದಲೇ ಕೋಲಿನಲ್ಲಿ ನೀಲಿ ತಾಡಪಾಲು ತಳ್ಳಿದ್ದಾನೆ. ಗಾಳಿ ಬಂದರೆ ಅದು ಪಟಪಟ ಬಡಿದುಕೊಳ್ಳುತ್ತದೆ. ತಾಮ್ರದ ಹಂಡೆಗಳನ್ನು ಗೋಡೆಯ ಹಲಗೆಯಿಂದ ಇಳಿಸಿ ಸೋರುವಲ್ಲಿ ಇಟ್ಟಿದ್ದೇನೆ. ಮದುವೆಯಲ್ಲಿ ಬಂದ ಹಂಡೆಗಳು ಕೊನೆಗೆ ಈ ಕೆಲಸಕ್ಕೆ ಬಂದವು.

ಇವತ್ತು ಪಕ್ಕದ ಮನೆಯ ಇಬಿ ಛೆಕಿ ಕೈಗೆ ಸಿಕ್ಕಿದಳು. ಊರಿಗೆಲ್ಲ ಇಬಿ, ಎಂದರೆ ಅಜ್ಜಿ; ಎಂಬತ್ತರ ಮುದುಕಿ, ಬಂಡೆಯ ಹಿಂದೆ ಕೂತು ಕುಡುಗೋಲಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು.

‘ಇಬಿ, ಕಟ್ಟಳೆ ಇದೆ.’

‘ಇದೆ ಅಂತ ಗೊತ್ತಿದ್ದಕ್ಕೇ ಕಣೇ ಬಂಡೆ ಹಿಂದೆ ಕೂತಿರೋದು!’

‘ದಂಡ ಬೀಳುತ್ತೆ.’

‘ಹಾಕೇ ತಾಯಿ, ಹಾಕು. ನಿನ್ನ ಗಂಡ ಆಗಿದ್ರೆ ಆ ಕಡೆ ಮುಖ ಮಾಡ್ಕೊಂಡು ಕೆಮ್ಮಿ, ನಾನು ಎದ್ದು ಹೋದ ಮೇಲೆ ಬರ್ತಿದ್ದ. ನೀನು ದೊಡ್ಡ ನವಾ!’

ಒಂದು ಮಡಕೆ ಛಾಂಗ್ ಎಂದೆ. ಬೈಯುತ್ತಲೇ ಒಪ್ಪಿದಳು. ಇಡೀ ದಿನದಲ್ಲಿ ನಾನು ಮಾತಾಡಿದ್ದು ಇಷ್ಟೇ.

ಕೆಳಗೆ ದನ ಇದ್ದಾಗ ನೆಲಹಲಗೆಯ ಸಂದಿಯಿಂದ ಬಿಸಿ ಬರುತ್ತಿತ್ತು, ಸಗಣಿಯ ವಾಸನೆ ಬರುತ್ತಿತ್ತು, ಮೆಲುಕು ಹಾಕುವ ಸದ್ದು ಬರುತ್ತಿತ್ತು. ಪ್ರತಿ ವರ್ಷ ಈ ತಿಂಗಳುಗಳಲ್ಲಿ ಕೊಟ್ಟಿಗೆ ಖಾಲಿಯೇ ಇರುತ್ತದೆ. ಪ್ರತಿ ವರ್ಷ ಮಹಡಿಯಲ್ಲಿ ಇನ್ನೊಬ್ಬರ ಉಸಿರು ಇರುತ್ತಿತ್ತು, ಆದ್ದರಿಂದ ಗೊತ್ತಾಗುತ್ತಿರಲಿಲ್ಲ.

ಅಸಾರ 26

ನಲವತ್ತೊಂಬತ್ತನೆಯ ದಿನ. ಲಾಮಾ ಓದಿ ಮುಗಿಸಿದರು. ಕಾಗದದ ಮೇಲೆ ಬರೆದಿದ್ದ ಅವರ ಹೆಸರನ್ನು ದೀಪಕ್ಕೆ ಹಿಡಿದು ಸುಟ್ಟರು. ಇನ್ನು ಇಲ್ಲಿ ಏನೂ ಉಳಿದಿಲ್ಲವೆಂದರು. ಜನ ಉಂಡು ಹೋದರು.

ಯಾರಿಗೂ ಹೇಳಿಲ್ಲದ್ದನ್ನು ಇಲ್ಲಿ ಬರೆಯುತ್ತೇನೆ. ಅವತ್ತು ನಾನು ಅಂಗಳದಿಂದ ಕೂಗಿದೆ, ‘ಚಹಾ ಆರುತ್ತೆ, ಇಳೀರಿ’ ಎಂದು. ಅವರು ಎರಡು ಕೈಯಲ್ಲೂ ಕಲ್ಲು ಹಿಡಿದಿದ್ದರು. ‘ಇದೊಂದು ಇಡ್ತೀನಿ’ ಎಂದು ನನ್ನ ಕಡೆ ತಿರುಗಿದರು. ತಿರುಗದಿದ್ದರೆ ಬೀಳುತ್ತಿರಲಿಲ್ಲ. ಚಹಾ ಆರಿದರೆ ಏನಾಗುತ್ತಿತ್ತು? ಮತ್ತೆ ಬಿಸಿ ಮಾಡಬಹುದಿತ್ತು.

ಈ ಮಳೆಯಲ್ಲಿ ಹಲಗೆ ಜಾರುತ್ತದೆ, ಭದೌ ತಿಂಗಳಲ್ಲಿ ನೋಡೋಣ ಎಂದ ಗ್ಯಾಲ್ಜೆನ್. ನಾನು ತಲೆಯಾಡಿಸಿದೆ. ಮಾಡು ಪೂರ್ತಿ ಹಾರಿಹೋದರೂ ನನಗೇನು?

ಸಾವನ 3

ತಾರ್ಲುಂಗಿಗೆ ಹೋಗಿದ್ದೆ. ಕರ್ಮುವಿನ ಹಿಂಗಾಲು ಊದಿತ್ತು. ಸ್ವಲ್ಪ ಊದಿತ್ತು.

‘ಕೆಳಗಿನೂರಿನ ಆಮ್ಚಿ ಹತ್ರ ಮದ್ದು ಹಾಕಿಸ್ಕೊಂಡು ಬರ್ತೀನಿ’ ಎಂದು ಡಿಕಿಗೆ ಹೇಳಿದೆ.

‘ಊರ ಮೇಲಿಂದ ಹೋಗ್ಬೇಕಲ್ಲ ಅಕ್ಕ?’

‘ಹೊಳೆದಂಡೆ ಹಿಡಿದು ಹೋಗ್ತೀನಿ. ನವಾ ನಾನೇ, ನನಗೆ ಹೇಳ್ಕೊಡ್ತೀಯಾ?’

‘ಹಂಗಲ್ಲ. ಕರು?’

‘ಹುಲ್ಲು ತಿನ್ನುತ್ತಲ್ಲ. ನಾಲ್ಕು ದಿನಕ್ಕೆ ಏನಾಗುತ್ತೆ?’

ಮಧ್ಯಾಹ್ನದ ಮಂಜು ಕವಿದರೆ ನಮ್ಮೂರಲ್ಲಿ ಚಾಚಿದ ಕೈ ಕಾಣುವುದಿಲ್ಲ. ಗಂಟೆ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಮಣಿಗೋಡೆಯನ್ನು ಬಲಕ್ಕೆ ಬಿಟ್ಟು, ಹೊಲಗಳ ನಡುವೆಯೇ ನಡೆಸಿಕೊಂಡು ಬಂದೆ. ಇಬಿ ತನ್ನ ಅಂಗಳದಲ್ಲಿ ಕೆಮ್ಮುವುದು ಕೇಳಿಸಿತು. ಕರ್ಮು ಕೊಟ್ಟಿಗೆಯೊಳಗೆ ಕಾಲಿಟ್ಟ ಮೇಲೆ ಬಾಗಿಲು ಹಾಕಿ ಅಗಳಿ ಬಿಗಿದೆ.

ಸಾವನ 4

ನಿದ್ದೆ ಬಂತು. ನೆಲ ಬೆಚ್ಚಗಿತ್ತು.

ಸಾವನ 9

ಕರ್ಮುವಿಗೆ ಸೆಕೆ. ಈ ಎತ್ತರ ಅವಳಿಗೆ ಚಳಿಗಾಲಕ್ಕೇ ಸರಿ. ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಾಳೆ. ನೀರು ಚಿಮುಕಿಸುತ್ತೇನೆ, ಕಳೆದ ವರ್ಷದ ಒಣಹುಲ್ಲು ಕೊಡುತ್ತೇನೆ. ಕಾಲಿನ ಊತ ಇಳಿದಿದೆ, ಅಥವಾ ಮೊದಲೇ ಇರಲಿಲ್ಲ. ಹಾಲು ತುಂಬಿ ಕೆಚ್ಚಲು ಬಿಗಿಯುತ್ತದೆ, ನಾನು ಕರೆಯುತ್ತೇನೆ, ಅವಳು ತಿರುಗಿ ನೋಡಿ ಗುರುಗುಟ್ಟುತ್ತಾಳೆ. ಕರುವನ್ನು ಕೇಳುತ್ತಿದ್ದಾಳೆ. ಆ ಸದ್ದು ಹೊರಗೆ ಕೇಳದಿರಲಿ ಎಂದು ಬೆಣ್ಣೆಚಹಾದ ಮರದ ಕೊಳವೆಯಲ್ಲಿ ಬರಿನೀರು ಹಾಕಿ ಜೋರಾಗಿ ಕಡೆಯುತ್ತೇನೆ.

‘ಏನೇ, ದಿನಕ್ಕೆ ಎಷ್ಟು ಸಲ ಚಹಾ ಕುಡೀತೀಯ?’ ಎಂದಳು ಇಬಿ, ಗೋಡೆಯಾಚೆಯಿಂದ.

‘ಬಾಯಾರುತ್ತೆ ಇಬಿ.’

ನಾಳೆ ಬಿಟ್ಟುಬರುತ್ತೇನೆ. ನಾಲ್ಕು ದಿನ ಎಂದಿದ್ದೆ, ಇದು ಏಳನೆಯದು.

ಸಾವನ 10

ಬಿಡಲಿಲ್ಲ. ಮಂಜು ಬೀಳಲಿಲ್ಲವೆಂದು ನೆಪ ಹೇಳಿಕೊಂಡೆ. ಬಿದ್ದಿತ್ತು.

ಸಾವನ 13

ನಮ್ಮ ಕೆಳಹೊಲದಲ್ಲಿ ಮೂರು ಗಿಡದ ಎಲೆ ಅಂಚಿನಲ್ಲಿ ಕಪ್ಪಾಗಿದೆ. ಕಿತ್ತು ಒಲೆಗೆ ಹಾಕಿದೆ. ಕೈ ಎಷ್ಟು ಉಜ್ಜಿದರೂ ವಾಸನೆ ಹೋಗುತ್ತಿಲ್ಲ.

ಸಾವನ 15

ಎಲ್ಲರ ಹೊಲದಲ್ಲೂ.

ಸಾವನ 16

ಎರಡು ದಿನದಲ್ಲಿ ಇಡೀ ಇಳಿಜಾರು ಸುಟ್ಟಂತಾಗಿದೆ. ಹೂಬಿಟ್ಟ ಗಿಡಗಳು ಕೊಳೆತು ಮಲಗಿವೆ. ಮಂಜಿನ ಜೊತೆ ಆ ನಾತ ಮನೆಯೊಳಗೆ ಬರುತ್ತದೆ.

ನಮ್ಮೂರಲ್ಲಿ ಬೇರೆ ಬೆಳೆಯಿಲ್ಲ. ಚಳಿಗಾಲಕ್ಕೆ ಹೊಲದ ಗುಂಡಿಯಲ್ಲಿ ಹೂತಿಡುವುದು ಗೆಡ್ಡೆ, ಮುಂದಿನ ವರ್ಷಕ್ಕೆ ಬಿತ್ತುವುದು ಗೆಡ್ಡೆ. ಹದಿನೇಳು ಮನೆ. ಪುಸ್ತಕದ ಮೊದಲ ಪುಟ ತೆಗೆದು ಹೆಸರುಗಳನ್ನು ಓದಿದೆ. ಎಲ್ಲರ ಬಾಯಿಗೂ ನಾನು ಮಣ್ಣು ಹಾಕಿದ್ದೇನೆ. ಸಾಯಬೇಕಾಗಿದ್ದವಳು ನಾನು. ಹಾಗನ್ನಿಸುತ್ತದೆ, ಹಾಗೇ ಬರೆಯುತ್ತಿದ್ದೇನೆ.

ಇಷ್ಟಾದರೂ ಕರ್ಮುವನ್ನು ಬಿಟ್ಟುಬಂದಿಲ್ಲ. ಈಗ ಹೊರಗೆ ತಂದರೆ ಕಾಣುತ್ತಾಳೆ. ಕಂಡರೆ ಗೊತ್ತಾಗುತ್ತದೆ.

ಸಾವನ 18

ಮಠದ ಅಂಗಳದಲ್ಲಿ ಊರು ಸೇರಿತ್ತು. ಎಲ್ಲರೂ ಒಂದೇ ಮಾತು, ಯಾರೋ ದನ ತಂದಿದ್ದಾರೆ ಎಂದು. ಗ್ಯಾಲ್ಜೆನ್ ಎದ್ದು ನಿಂತ. ‘ನಾಳೆ ನಾನು, ಅತ್ತಿಗೆ, ಇಬ್ಬರೂ ಒಂದೊಂದು ಮನೆ ಕೊಟ್ಟಿಗೆ ತೆಗೆಸಿ ನೋಡ್ತೀವಿ. ನವಾ ಇರೋದು ಯಾತಕ್ಕೆ?’ ಎಂದ. ನನ್ನ ಕಡೆ ನೋಡಿ, ‘ಅಲ್ವಾ ಅತ್ತಿಗೆ?’ ಎಂದ. ಹೌದೆಂದೆ.

ಮನೆಗೆ ಬಂದರೆ ಡಿಕಿ ಮೆಟ್ಟಿಲ ಮೇಲೆ ಕೂತಿದ್ದಳು. ಮೈಯೆಲ್ಲ ನೆನೆದಿತ್ತು.

‘ಅಕ್ಕ, ಕರು ಹೋಯ್ತು. ಮೊನ್ನೆ ಬೆಳಗ್ಗೆ. ನನ್ನ ಹಾಸಿಗೇಲೇ ಮಲಗಿಸ್ಕೊಂಡಿದ್ದೆ. ಬೇರೆ ನಾಕ್‌ಗಳು ಹತ್ರ ಸೇರಿಸ್ಲಿಲ್ಲ, ಒದ್ದು ಓಡಿಸಿದ್ವು. ಹಿಟ್ಟು ಕಲಸಿ ಬಾಯಿಗಿಟ್ಟೆ, ನುಂಗ್ಲಿಲ್ಲ. ನಾಲ್ಕು ದಿನ ಅಂದಿದ್ರಲ್ಲ?’

ಆಗಲೇ ಕೆಳಗೆ ಕರ್ಮು ಗುರುಗುಟ್ಟಿದಳು.

ಡಿಕಿ ನೆಲ ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ‘ಗಂಡನಿಗೆ ನಾನು ಹೇಳಲ್ಲ ಅಕ್ಕ. ಇದು ನೀವೇ ಹೇಳ್ಬೇಕು’ ಎಂದಷ್ಟೇ ಹೇಳಿ ಎದ್ದು ಹೋದಳು. ಚಹಾ ಕುಡಿ ಎಂದರೂ ನಿಲ್ಲಲಿಲ್ಲ. ನಮ್ಮಲ್ಲಿ ಬಂದವರು ಚಹಾ ಕುಡಿಯದೆ ಹೋಗುವುದೆಂದರೆ ಏನೆಂದು ಇಬ್ಬರಿಗೂ ಗೊತ್ತು.

ಸಾವನ 19

ಹದಿನೇಳು ಮನೆಯವರೂ ಹಿಂದೆ ಬಂದಿದ್ದರು. ಗ್ಯಾಲ್ಜೆನ್ ಊರ ಕೆಳತುದಿಯಿಂದ ಶುರು ಮಾಡೋಣವೆಂದ.

‘ನಮ್ಮನೆಯಿಂದ’ ಎಂದೆ.

‘ನಿಮ್ಮನೆ ಯಾಕತ್ತಿಗೆ? ನವಾ ಮನೆ...’

ನಾನೇ ಹೋಗಿ ಅಗಳಿ ತೆಗೆದೆ. ಕರ್ಮು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಬಾಗಿಲಲ್ಲಿ ನಿಂತಳು. ಪಕ್ಕೆಲುಬು ಎದ್ದಿತ್ತು. ಗ್ಯಾಲ್ಜೆನ್ ಬಾಯಿ ತೆರೆದವನು ಹಾಗೇ ನಿಂತಿದ್ದ. ದಂಡ ಕೂಗಬೇಕಾದವನು ಅವನು, ಅವನಿಂದ ಆಗಲಿಲ್ಲ. ಕಟ್ಟಳೆಯನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ, ಮನೆಯ ಹೆಸರು ಹಿಡಿದು ಕೂಗಲೇಬೇಕು. ನಾನೇ ಕೂಗಿದೆ.

‘ಉರ್ಕೆನ್ ಮನೆ. ಒಂದು ನಾಕ್. ಹದಿನೇಳು ದಿನ. ಮನೆಗೊಂದು ಮಡಕೆ ಛಾಂಗ್.’

ಅವರ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಕರೆಯಬೇಕಾಗಿದ್ದಾಗ ಕರೆಯದೆ, ಹೀಗೆ ದಂಡಕ್ಕೆ ಕರೆದೆ.

ಬೈಯುತ್ತಾರೆ, ಉಗುಳುತ್ತಾರೆ ಎಂದು ಕಾದೆ. ಅದಾಗಿದ್ದರೆ ತಡೆಯುತ್ತಿದ್ದೆ. ಗಂಡಸರು ನೆಲ ನೋಡುತ್ತಿದ್ದರು. ಆಗ ಇಬಿ ಛೆಕಿ ಕೋಲು ಕುಟ್ಟಿಕೊಂಡು ಮುಂದೆ ಬಂದಳು.

‘ಏನ್ರೋ, ಎಲ್ಲಾ ಹೆಣ ಕಂಡವರ ಹಂಗೆ ನಿಂತಿದೀರಾ? ನನ್ನ ಮೇಲ್ಹೊಲದಲ್ಲಿ ಎಲೆ ಕಪ್ಪಾಗಿದ್ದು ಅಸಾರ ಮುಗಿಯೋಕೆ ಮುಂಚೆ. ನಾನು ಹುಲ್ಲು ಕೊಯ್ದಿದ್ದಕ್ಕೇ ಬಂತು ಅಂತ ನೀವು ನನ್ನ ಹರಿದು ತಿಂತೀರಾ ಅಂತ ಕಿತ್ತು ಹೂತು ಬಾಯಿ ಮುಚ್ಕೊಂಡಿದ್ದೆ. ನನಗೂ ಹಾಕ್ರಿ ದಂಡ!’

‘ಸುಳ್ಳು ಹೇಳ್ಬೇಡಿ ಇಬಿ’ ಎಂದೆ.

‘ನನ್ನ ಹೊಲ, ನನ್ನ ಕಣ್ಣು. ನೀನ್ಯಾರೇ ಕೇಳೋಳು?’

ನನ್ನನ್ನು ಉಳಿಸಲು ಹೇಳಿದಳು. ಅಲ್ಲದಿದ್ದರೆ ನಿಜವನ್ನೇ ಹೇಳಿದಳು. ಎರಡರಲ್ಲಿ ಯಾವುದಾದರೂ ಕರು ಸತ್ತದ್ದು ಸತ್ತದ್ದೇ. ಅದಕ್ಕೆ ಕಟ್ಟಳೆಯಲ್ಲಿ ದಂಡವೇ ಇಲ್ಲ.

ಸಾವನ 21

ಕರ್ಮುವನ್ನು ತಾರ್ಲುಂಗಿಗೆ ಒಯ್ದು ಬಿಟ್ಟೆ. ದಾರಿಯುದ್ದಕ್ಕೂ ನನಗಿಂತ ಮುಂದೆ ಓಡುತ್ತಿದ್ದಳು. ಡಿಕಿ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಗುಡಿಸಲ ಬಾಗಿಲಲ್ಲಿ ನಿಲ್ಲಿಸಿದ್ದಳು. ಕರ್ಮು ಅದನ್ನು ನೆಕ್ಕಿದಳು. ಬೆನ್ನು, ಕಿವಿ, ಮತ್ತೆ ಬೆನ್ನು. ಡಿಕಿ ಕೆಳಗೆ ಪಾತ್ರೆಯಿಟ್ಟು ಕೂತಳು, ಹಾಲು ಇಳಿಯಲಿಲ್ಲ. ನಾನು ಅಲ್ಲಿ ನಿಲ್ಲಲಾರದೆ ಬಂದುಬಿಟ್ಟೆ.

ಸಾವನ 30

ಏನೂ ಇಲ್ಲ. ಮಳೆ.

ಭದೌ 6

ಗೆಡ್ಡೆ ಅಗೆದು ಮುಗಿಯಿತು. ಹತ್ತಕ್ಕೆ ಏಳು ಕೈಯಲ್ಲೇ ಕೊಳೆತು ಹಿಸುಕಿಹೋದವು. ಬಿತ್ತನೆಗೆ ಆರಿಸಿದವನ್ನು ಎಲ್ಲರೂ ಸೇರಿ ಒಂದೇ ಗುಂಡಿಯಲ್ಲಿ ಹೂತಿದ್ದೇವೆ, ಕದ್ದು ತಿನ್ನದಂತೆ ಕಾಯುವುದು ನವಾ ಕೆಲಸ. ‘ಅತ್ತಿಗೆ, ಈ ವರ್ಷ ಪೂರ್ತಿ ನೀವೇ’ ಎಂದ ಗ್ಯಾಲ್ಜೆನ್. ನನ್ನಂಥವಳನ್ನು ಕಾವಲಿಗೆ ಹಾಕಬಾರದು ಎಂದೆ. ‘ಸರದಿ ಮನೇದು’ ಎಂದ, ಅಷ್ಟೇ. ಕ್ಷಮಿಸಿದ್ದಾನೋ, ಬೇರೆ ದಾರಿಯಿಲ್ಲವೋ, ಗೊತ್ತಾಗಲಿಲ್ಲ. ಚಳಿಗಾಲ ಹೇಗೆ ಕಳೆಯುತ್ತದೆಂದು ಯಾರಿಗೂ ಗೊತ್ತಿಲ್ಲ. ಎರಡು ಮನೆಯವರು ಆಗಲೇ ಕೆಳಗಿನ ಕಣಿವೆಗೆ ಇಳಿಯುವ ಮಾತಾಡುತ್ತಿದ್ದಾರೆ. ಡಿಕಿ ನಮ್ಮ ಮನೆಯ ಮುಂದೆ ಹಾದುಹೋಗುತ್ತಾಳೆ, ಮೆಟ್ಟಿಲು ಹತ್ತುವುದಿಲ್ಲ.

ಕರ್ಮು ಬತ್ತಿಹೋಗಿದ್ದಾಳೆ. ಮುಂದಿನ ವರ್ಷ ಗಬ್ಬ ನಿಲ್ಲುತ್ತದೋ ಇಲ್ಲವೋ. ಅವಳು ಚಳಿಗೆ ಇಳಿದುಬಂದು ಕೆಳಗೆ ಮಲಗಿದಾಗ ನೆಲ ಬೆಚ್ಚಗಾಗುತ್ತದೆ. ಆ ಬಿಸಿಯ ಮೇಲೆ ಹೇಗೆ ಮಲಗುವುದೆಂದು ನನಗೆ ತಿಳಿಯುತ್ತಿಲ್ಲ.

ತಾಡಪಾಲು ನಿನ್ನೆ ಹರಿದುಹೋಯಿತು. ನಾನು ಕೂರುವಲ್ಲೇ ಸೋರುತ್ತಿದೆ. ಪುಸ್ತಕ ನೆನೆಯುತ್ತದೆಂದು ಒಲೆಯ ಈಚೆ, ಮೊದಲ ಕಿಟಕಿಯ ಕೆಳಗೆ ಬಂದು ಕೂತು ಬರೆಯುತ್ತಿದ್ದೇನೆ. ಬೆಳಕೂ ಇಲ್ಲಿ ವಾಸಿ.

ಗ್ಯಾಲ್ಜೆನ್ ಬರುತ್ತಿದ್ದಾನೆ. ತನ್ನ ಮಾಡಿಗೆ ತಗಡು ಹಾಕಿಸಿದಾಗ ಕಿತ್ತಿಟ್ಟಿದ್ದ ಹಳೆಯ ಹಲಗೆಗಳನ್ನು ಬೆನ್ನಿಗೆ ಹೊತ್ತಿದ್ದಾನೆ. ಮೂರನೆಯ ಹೊಲ ದಾಟಿದ. ಹಿಂದೆ ಇಬಿ ಛೆಕಿ, ಕೋಲು ಎತ್ತಿ ಎತ್ತಿ ಏನೋ ಬೈಯುತ್ತಿದ್ದಾಳೆ, ಹಲಗೆ ಹೊರುವ ರೀತಿ ಸರಿಯಿಲ್ಲವೆಂದಿರಬೇಕು. ಅವಳ ಹಿಂದೆ, ಸ್ವಲ್ಪ ದೂರದಲ್ಲಿ, ಡಿಕಿಯ ಕೆಂಪು ತಲೆವಸ್ತ್ರ. ನಮ್ಮ ಮನೆಗೋ, ಹೊಳೆಗೋ, ಇನ್ನೂ ಗೊತ್ತಾಗುತ್ತಿಲ್ಲ.

ಮೂರು ಲೋಟ ಇಟ್ಟಿರುತ್ತೇನೆ.

ಚಹಾಕ್ಕೆ ನೀರಿಡೋಣವೆಂದು ಕೂತಲ್ಲಿಂದಲೇ ಕೈ ಚಾಚಿದೆ. ಕೆಟಲು ಎಟಕಲಿಲ್ಲ. ಇಷ್ಟು ವರ್ಷ ಎಟಕುತ್ತಿತ್ತು, ಈಗ ಎದ್ದೇ ಹೋಗಬೇಕು.